ಆಸರೆ ಮನಿ ಕಟ್ಟಿದ್ರು, ದನ ಎಲ್ಲಿ ಕಟ್ಟೂದು?

ರೋಣ ತಾಲೂಕಿನ ಹೊಳೆಮಣ್ಣೂರ. ಮಲಪ್ರಭಾ ನದಿ ದಂಡಿ ಊರು. ಮ್ಯಾಲೆ ಸವದತ್ತಿ ಹತ್ತಿರ ನವಿಲುತೀರ್ಥ ಡ್ಯಾಂ. ಅಲ್ಲಿಂದ ನೀರು ಬಿಟ್ಟು, ಇತ್ತ ಬೆಣ್ಣಿಹಳ್ಳಾನೂ ಉಕ್ಕಿದ್ರ ಈ ದಂಡಿ ಊರುಗಳಿಗೆ ನಿದ್ದಿ ಇಲ್ಲ.

2009ರ ದೊಡ್ಡ ನೆರೆ ಆದಮ್ಯಾಲೆ ಸರ್ಕಾರ ‘ಆಸರೆ’ ಯೋಜನೆಯೊಳಗ, ದಾನಿಗಳ ಕೂಡ ಸೇರಿ, ಎತ್ತರದ ಜಾಗಾದಾಗ ನವಗ್ರಾಮ ಕಟ್ಟಿಸ್ತು. ಆದ್ರ ಉತ್ತರ ಕರ್ನಾಟಕದಾಗ ಎಷ್ಟೋ ಮಂದಿ ಹಳೇ ಊರು ಬಿಡಲಿಲ್ಲ.

ಹಟ ಅಲ್ರೀ, ಲೆಕ್ಕ. ಎತ್ತು, ಎಮ್ಮಿ ಎಲ್ಲಿ ಕಟ್ಟೂದು? ಕಣಿಕಿ ಬಣವಿ ಎಲ್ಲಿ ಒಟ್ಟೂದು? ಹೊಲ ದೂರ. ಅಣ್ಣತಮ್ಮರು ಬ್ಯಾರೆ ಆದ್ರ ಎರಡನೇ ಮನಿಗೆ ಜಾಗ ಇಲ್ಲ. ನಕ್ಷಾ ಬರದವರು ಒಕ್ಕಲುತನ ನೋಡಿದ್ದಿಲ್ಲ ಅನಸ್ತೈತಿ.

ಹಿಂಗ ಮಂದಿ ಹಳೇ ಊರಾಗ ಇರೂವಾಗನ 2019ರಾಗ ಮಲಪ್ರಭಾ ಮತ್ತ ಉಕ್ಕಿ ಬಂತು.

ನಿಮ್ಮೂರ ನವಗ್ರಾಮದಾಗ ಎಷ್ಟು ಮನಿಗೆ ಬೀಗ ಬಿದ್ದೈತಿ? ಕಾಮೆಂಟ್ ಮಾಡ್ರಿ.