ಹಿರಿಯರ ಆರೋಗ್ಯ ವಿಮೆ: ಪ್ರತಿನಿಧಿಯ ವೃತ್ತಿ ಮತ್ತು ಹೊಣೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಹಾನಗರ ಸೇರಿದ ಕನ್ನಡಿಗರಲ್ಲಿ ಅನೇಕರು ಈಗ ನಿವೃತ್ತಿಯ ದಿನಗಳನ್ನು ಕಳೆಯುತ್ತಿದ್ದಾರೆ. ಮುಂಬಯಿಯ ಹೋಟೆಲುಗಳಲ್ಲಿ ದುಡಿದವರು, ಪುಣೆಯ ಕಾರ್ಖಾನೆಗಳಲ್ಲಿ ಬೆವರು ಹರಿಸಿದವರು, ದಿಲ್ಲಿಯ ಕಚೇರಿಗಳಲ್ಲಿ ಸೇವೆ ಸಲ್ಲಿಸಿದವರು, ಚೆನ್ನೈ ಹೈದರಾಬಾದುಗಳಲ್ಲಿ ಸಣ್ಣ ವ್ಯಾಪಾರ ನಡೆಸಿದವರು ಇವರಲ್ಲಿ ಸೇರಿದ್ದಾರೆ. ಊರಿನಲ್ಲಾದರೆ ಕಷ್ಟಕಾಲಕ್ಕೆ ಒದಗಲು ನಾಲ್ಕು ಮನೆಗಳಾದರೂ ಇರುತ್ತವೆ. ಮಹಾನಗರದ ಎರಡು ಕೋಣೆಗಳ ಮನೆಯಲ್ಲಿರುವ ವೃದ್ಧ ದಂಪತಿಗೆ ಅಂತಹ ಆಸರೆ ವಿರಳ. ಒಂದು ಹೃದಯ ಶಸ್ತ್ರಚಿಕಿತ್ಸೆ ಜೀವಮಾನದ ಉಳಿತಾಯವನ್ನೇ ಕರಗಿಸಿಬಿಡಬಲ್ಲದು.

ಈ ಕಾರಣದಿಂದಲೇ ಆರೋಗ್ಯ ವಿಮೆಯ ಪ್ರತಿನಿಧಿಯ ವೃತ್ತಿಗೆ ಇಂದು ವಿಶೇಷ ಮಹತ್ವ ಬಂದಿದೆ. ಸ್ವಯಂನಿವೃತ್ತಿ ಪಡೆದ ನೌಕರರು, ಮಕ್ಕಳು ದೊಡ್ಡವರಾದ ಮೇಲೆ ಬಿಡುವು ದೊರೆತ ಗೃಹಿಣಿಯರು, ಉದ್ಯೋಗ ಅರಸುತ್ತಿರುವ ಯುವಕರು ಈ ವೃತ್ತಿಯನ್ನು ಕೈಗೊಳ್ಳಬಹುದು. ಇದಕ್ಕೆ ಅಂಗಡಿ ಬೇಡ, ದೊಡ್ಡ ಬಂಡವಾಳವೂ ಬೇಡ. ಆದರೆ ಪ್ರತಿನಿಧಿಯ ಮೊದಲ ಗ್ರಾಹಕರು ಸಾಮಾನ್ಯವಾಗಿ ಅವನ ಬಂಧುಗಳು, ನೆರೆಹೊರೆಯವರು, ಸಂಘದ ಸದಸ್ಯರೇ ಆಗಿರುತ್ತಾರೆ. ಅವನು ಹೂಡುವ ನಿಜವಾದ ಬಂಡವಾಳ ಅವರ ನಂಬಿಕೆ. ಅದನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಗಳಿಸುವುದು ಕಠಿಣ.

ಸ್ವಲ್ಪ ಹಿನ್ನೆಲೆ

ಭಾರತದಲ್ಲಿ ಸಾಮಾನ್ಯ ವಿಮಾ ವ್ಯವಹಾರವು 1973ರ ಜನವರಿ 1ರಿಂದ ರಾಷ್ಟ್ರೀಕರಣಗೊಂಡಿತು. ಸಾರ್ವಜನಿಕ ರಂಗದ ನಾಲ್ಕು ಕಂಪನಿಗಳು 1986ರಲ್ಲಿ ‘ಮೆಡಿಕ್ಲೈಮ್’ ಎಂಬ ಪಾಲಿಸಿಯನ್ನು ಜಾರಿಗೆ ತಂದವು. ಆ ಹೆಸರು ಎಷ್ಟು ಬಳಕೆಗೆ ಬಂದಿತೆಂದರೆ, ಇಂದಿಗೂ ಯಾವ ಕಂಪನಿಯ ಆರೋಗ್ಯ ವಿಮೆಯನ್ನಾದರೂ ಜನರು ಮೆಡಿಕ್ಲೈಮ್ ಎಂದೇ ಕರೆಯುವುದುಂಟು. 1999ರ ಕಾಯಿದೆಯ ಮೂಲಕ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಶಾಸನದ ಆಧಾರ ದೊರೆಯಿತು. ತರುವಾಯ ಖಾಸಗಿ ಕಂಪನಿಗಳೂ ಕ್ಷೇತ್ರಕ್ಕೆ ಬಂದವು. ಪ್ರಾಧಿಕಾರದ ಪ್ರಧಾನ ಕಚೇರಿ ಹೈದರಾಬಾದಿನಲ್ಲಿದೆ.

ಹಿರಿಯರಿಗೆ ಸಂಬಂಧಿಸಿದಂತೆ ಈಚಿನ ವರ್ಷಗಳಲ್ಲಿ ಕೆಲವು ಮುಖ್ಯ ಬದಲಾವಣೆಗಳಾಗಿವೆ. 65 ವರ್ಷ ದಾಟಿದವರಿಗೂ ಹೊಸ ಪಾಲಿಸಿಯ ಬಾಗಿಲು ತೆರೆದಿರಬೇಕೆಂಬುದು 2024ರ ನಿಯಮಗಳ ಆಶಯ. 2025ರ ಜನವರಿಯಲ್ಲಿ ಹೊರಟ ಆದೇಶದಂತೆ, 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಯು ಮೊದಲೇ ಪ್ರಾಧಿಕಾರದೊಡನೆ ಸಮಾಲೋಚಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18ರ ಜಿ.ಎಸ್.ಟಿ. ರದ್ದಾಗಿದೆ.

ಪ್ರತಿನಿಧಿಯಾಗುವ ಬಗೆ

ಪ್ರತಿನಿಧಿಯಾಗಬಯಸುವವನು ಮೊದಲು ಒಂದು ವಿಮಾ ಕಂಪನಿಯ ಶಾಖೆಗೆ ಅರ್ಜಿ ಸಲ್ಲಿಸಬೇಕು. 18 ವರ್ಷ ತುಂಬಿರಬೇಕು. ತರಬೇತಿಯ ನಂತರ ಏಜೆನ್ಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಈ ಪರೀಕ್ಷೆಯನ್ನು ಮುಂಬಯಿಯಲ್ಲಿ ಪ್ರಧಾನ ಕಚೇರಿಯುಳ್ಳ ಭಾರತೀಯ ವಿಮಾ ಸಂಸ್ಥೆಯು ನಡೆಸುತ್ತದೆ. ಪರೀಕ್ಷೆಯ ಪಠ್ಯಕ್ಕೆ ‘ಐ.ಸಿ. 38’ ಎಂದು ಹೆಸರು. ತೇರ್ಗಡೆಯಾದವನಿಗೆ ಕಂಪನಿಯು ನೇಮಕಪತ್ರವನ್ನೂ ಗುರುತಿನ ಚೀಟಿಯನ್ನೂ ಕೊಡುತ್ತದೆ.

ಇಲ್ಲಿ ಒಂದು ಆಯ್ಕೆಯನ್ನು ಆರಂಭದಲ್ಲೇ ಯೋಚಿಸಿ ಮಾಡಬೇಕಾಗುತ್ತದೆ. 2016ರ ನಿಯಮಾವಳಿಯಂತೆ ಒಬ್ಬ ಪ್ರತಿನಿಧಿ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ ಮತ್ತು ಆರೋಗ್ಯ ವಿಮೆಯನ್ನಷ್ಟೇ ಮಾರುವ ಒಂದು ಕಂಪನಿಗೆ ಕೆಲಸ ಮಾಡಬಹುದು. ಒಂದೇ ಬಗೆಯ ಎರಡು ಕಂಪನಿಗಳನ್ನು ಪ್ರತಿನಿಧಿಸುವಂತಿಲ್ಲ. ಹಲವು ಕಂಪನಿಗಳ ಪಾಲಿಸಿಗಳನ್ನು ಹೋಲಿಸಿ ತೋರಿಸಬಯಸುವವರು ಯಾವುದಾದರೊಂದು ವಿಮಾ ದಲ್ಲಾಳಿ ಸಂಸ್ಥೆಯ ಅಡಿಯಲ್ಲಿ ‘ಪಾಯಿಂಟ್ ಆಫ್ ಸೇಲ್ಸ್ ಪರ್ಸನ್’ ಆಗಿ ಸೇರುವುದು ಇನ್ನೊಂದು ದಾರಿ. ಮೊದಲ ದಾರಿಯಲ್ಲಿ ಒಂದೇ ಕಂಪನಿಯ ನಿಬಂಧನೆಗಳನ್ನು ಆಳವಾಗಿ ಅರಿಯಬಹುದು. ಎರಡನೆಯದರಲ್ಲಿ ಆಯ್ಕೆ ವಿಶಾಲ. ಒಂದೇ ಕಂಪನಿಯ ಪ್ರತಿನಿಧಿಯಾದವನು ತಾನು ಎಲ್ಲ ಕಂಪನಿಗಳನ್ನೂ ತೂಗಿ ನೋಡಿದವನಂತೆ ಮಾತನಾಡಬಾರದು.

ಮೊದಲು ಕೇಳಬೇಕಾದ ಪ್ರಶ್ನೆ

ಹಿರಿಯರ ಮನೆಗೆ ಹೋದಾಗ ಚೀಲದಿಂದ ಪಾಲಿಸಿಯ ಕಾಗದ ತೆಗೆಯುವುದಕ್ಕೆ ಮುಂಚೆ, “ನಿಮಗೆ ಈಗಾಗಲೇ ಯಾವ ರಕ್ಷಣೆ ಇದೆ?” ಎಂದು ಕೇಳಬೇಕು. ಕೇಂದ್ರ ಸರಕಾರದಿಂದ ನಿವೃತ್ತರಾದವರು ಸಿ.ಜಿ.ಎಚ್.ಎಸ್. ಸೌಲಭ್ಯ ಪಡೆದಿರಬಹುದು. ಬ್ಯಾಂಕಿನಿಂದ ನಿವೃತ್ತರಾದವರಿಗೆ ಸಾಮೂಹಿಕ ವಿಮೆ ಇರಬಹುದು. ಇ.ಎಸ್.ಐ. ವ್ಯಾಪ್ತಿಯಲ್ಲಿ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ದುಡಿದು ನಿವೃತ್ತರಾದ ಕಾರ್ಮಿಕರು ಅಲ್ಪ ವಾರ್ಷಿಕ ವಂತಿಗೆ ಕಟ್ಟಿ ತಮಗೂ ಪತ್ನಿಗೂ ಚಿಕಿತ್ಸೆ ಪಡೆಯಲು ಅವಕಾಶವಿದ್ದಿತೆಂಬುದು ಅನೇಕರಿಗೆ ಗೊತ್ತೇ ಇಲ್ಲ; ಅಂತಹವರು ಹತ್ತಿರದ ಇ.ಎಸ್.ಐ. ಕಚೇರಿಯಲ್ಲಿ ವಿಚಾರಿಸುವುದು ಲೇಸು. ಆಯುಷ್ಮಾನ್ ಭಾರತ ಯೋಜನೆಯನ್ನು 2024ರ ಅಕ್ಟೋಬರ್ 29ರಂದು 70 ವರ್ಷ ಮೀರಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ವಿಸ್ತರಿಸಲಾಯಿತು. ಇದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ವೆಚ್ಚ ದೊರೆಯುತ್ತದೆ. ಖಾಸಗಿ ವಿಮೆ ಇದ್ದವರೂ ಇದನ್ನು ಪಡೆಯಬಹುದು. ಚಿಕಿತ್ಸೆ ಮಾತ್ರ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲೇ ಆಗಬೇಕು.

ಇವುಗಳನ್ನು ತಿಳಿಸಿದರೆ ತನ್ನ ವ್ಯಾಪಾರ ಕೆಡುವುದೆಂದು ಹೊಸ ಪ್ರತಿನಿಧಿ ಅಂಜುವುದು ಸಹಜ. ಆದರೆ ಅನುಭವಿಗಳು ಬಲ್ಲರು: “ನಿಮಗೆ ಇದು ಬೇಕಾಗಿಲ್ಲ” ಎಂದು ಒಂದು ಮನೆಯಲ್ಲಿ ಹೇಳಿದ ಪ್ರತಿನಿಧಿಗೆ ಆ ಮನೆಯವರೇ ನಾಲ್ಕು ಮನೆಗಳ ಬಾಗಿಲು ತೆರೆಸುತ್ತಾರೆ.

ನಿಬಂಧನೆಗಳ ಒಳಹೊಕ್ಕು

ಪಾಲಿಸಿಯ ಬೆಲೆ ಹೇಳುವುದು ಸುಲಭ. ಅದರ ನಿಬಂಧನೆಗಳನ್ನು ತಿಳಿಗನ್ನಡದಲ್ಲಿ ವಿವರಿಸುವುದೇ ಪ್ರತಿನಿಧಿಯ ವಿದ್ಯೆ. ಮುಖ್ಯವಾದವು ಇವು:

ಕಾಯುವ ಅವಧಿ: ಅಪಘಾತವನ್ನು ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಸಾಮಾನ್ಯವಾಗಿ ರಕ್ಷಣೆ ಇರುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೊಣಕಾಲಿನ ಕೀಲು ಬದಲಾವಣೆ ಮುಂತಾದವುಗಳಿಗೆ ಬಹುತೇಕ ಎರಡು ವರ್ಷ ಕಾಯಬೇಕು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ 2024ರ ನಿಯಮದಂತೆ ಹೆಚ್ಚೆಂದರೆ ಮೂರು ವರ್ಷ.

ಕೋಣೆಯ ಬಾಡಿಗೆಯ ಮಿತಿ: 5 ಲಕ್ಷದ ಪಾಲಿಸಿಯಲ್ಲಿ ಕೋಣೆಗೆ ದಿನಕ್ಕೆ 5,000 ರೂಪಾಯಿಗಳ ಮಿತಿ ಇದೆಯೆನ್ನೋಣ. ರೋಗಿಯು 10,000ದ ಕೋಣೆ ಹಿಡಿದರೆ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕೊಟ್ಟು ಪಾರಾಗಲಾರ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮೊದಲಾದವೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಯಬಹುದು. ಔಷಧಿಯ ಬೆಲೆಗೆ ಈ ಕಡಿತ ತಗಲದು.

ಪಾಲುಗಾರಿಕೆ: ‘ಕೋ-ಪೇಮೆಂಟ್’ ಶೇಕಡಾ 20 ಎಂದಿದ್ದರೆ, ಒಪ್ಪಿತವಾದ ಪ್ರತಿ ಲಕ್ಷದಲ್ಲಿ 20,000 ರೂಪಾಯಿ ಹಿರಿಯರ ಕೈಯಿಂದಲೇ ಹೋಗುತ್ತದೆ.

ವಲಯ: ಕೆಲವು ಪಾಲಿಸಿಗಳಲ್ಲಿ ಸಣ್ಣ ಊರಿನವರಿಗೆ ಪ್ರೀಮಿಯಂ ಕಡಿಮೆ, ಆದರೆ ಅವರು ಮಹಾನಗರದಲ್ಲಿ ಚಿಕಿತ್ಸೆ ಪಡೆದರೆ ವೆಚ್ಚದ ಒಂದು ಭಾಗವನ್ನು ತಾವೇ ಭರಿಸಬೇಕು. ಹೊರನಾಡ ಕನ್ನಡಿಗರಿಗೆ ಇದು ಬಹು ಮುಖ್ಯ. ತಂದೆತಾಯಿ ಊರಿನಲ್ಲಿ, ಮಗ ಮುಂಬಯಿಯಲ್ಲಿ. ಕಾಯಿಲೆ ಉಲ್ಬಣಿಸಿದಾಗ ಅವರನ್ನು ಮುಂಬಯಿಗೆ ಕರೆತರುವುದು ವಾಡಿಕೆ. ಚಿಕಿತ್ಸೆ ಎಲ್ಲಿ ನಡೆಯುವ ಸಂಭವವಿದೆಯೋ ಅದನ್ನು ಮೊದಲೇ ಕೇಳಿ ಪಾಲಿಸಿಯನ್ನು ಆಯಬೇಕು.

ಪೂರಕ ವಿಮೆ: ಇರುವ ವಿಮೆಯ ಮೇಲೆ ಹೆಚ್ಚಿನ ರಕ್ಷಣೆ ಬೇಕಾದವರಿಗೆ ‘ಟಾಪ್-ಅಪ್’ ಮತ್ತು ‘ಸೂಪರ್ ಟಾಪ್-ಅಪ್’ ಎಂಬ ಎರಡು ಬಗೆಗಳಿವೆ. ಹೆಸರಿನ ಅಂತರ ಸಣ್ಣದು, ಫಲದ ಅಂತರ ದೊಡ್ಡದು. ಎರಡರಲ್ಲೂ ಮೊದಲ 5 ಲಕ್ಷ ಬೇರೆ ಕಡೆಯಿಂದ ಬರಬೇಕೆಂಬ ಮಿತಿ ಇದೆಯೆನ್ನೋಣ. ವರ್ಷದಲ್ಲಿ ಎರಡು ಬಾರಿ ಆಸ್ಪತ್ರೆ ಸೇರಿ ಪ್ರತಿಸಲ 4 ಲಕ್ಷ ಖರ್ಚಾದರೆ, ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಬೇರೆಯಾಗಿ ನೋಡುವುದರಿಂದ ಏನನ್ನೂ ಕೊಡದು. ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ, ಮಿತಿಗೆ ಮೀರಿದ 3 ಲಕ್ಷವನ್ನು ಕೊಡುತ್ತದೆ. ಪದೇ ಪದೇ ಆಸ್ಪತ್ರೆಗೆ ಹೋಗಬೇಕಾಗಬಹುದಾದ ಹಿರಿಯರಿಗೆ ಯಾವುದು ಹಿತವೆಂಬುದು ಸ್ಪಷ್ಟ.

ಪ್ರಸ್ತಾವನಾ ಪತ್ರದ ಸತ್ಯ

ಪಾಲಿಸಿಗಾಗಿ ಸಲ್ಲಿಸುವ ಪ್ರಸ್ತಾವನಾ ಪತ್ರದಲ್ಲಿ ಹಳೆಯ ಕಾಯಿಲೆಗಳ ಬಗೆಗೆ ಪ್ರಶ್ನೆಗಳಿರುತ್ತವೆ. ಈ ವೃತ್ತಿಯ ಅಗ್ನಿಪರೀಕ್ಷೆ ನಡೆಯುವುದು ಇಲ್ಲಿ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಖಾಸಗಿ ಕಂಪನಿಯಿಂದ ನಿವೃತ್ತರಾದ 63 ವರ್ಷದ ಒಬ್ಬ ಗುಮಾಸ್ತರಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ನಿವೃತ್ತಿಯೊಡನೆ ಕಂಪನಿಯ ಸಾಮೂಹಿಕ ವಿಮೆ ನಿಂತಿದೆ. ಪರಿಚಯದ ಪ್ರತಿನಿಧಿ ಬಂದು, “ಗುಳಿಗೆಯಿಂದ ಹತೋಟಿಯಲ್ಲಿದೆಯಲ್ಲ ರಾಯರೇ, ಬರೆಯುವುದೇಕೆ? ಬರೆದರೆ ಸುಮ್ಮನೆ ತೊಡಕು” ಎನ್ನುತ್ತಾನೆ. ರಾಯರು ಸಹಿ ಹಾಕುತ್ತಾರೆ. ಎರಡು ವರ್ಷಗಳ ಬಳಿಕ ಮೂತ್ರಪಿಂಡದ ತೊಂದರೆಯಿಂದ ಆಸ್ಪತ್ರೆ ಸೇರುತ್ತಾರೆ. ವೈದ್ಯರು ವಾಡಿಕೆಯಂತೆ ಕೇಳುತ್ತಾರೆ, ಹೆಂಡತಿ ಇದ್ದುದನ್ನು ಇದ್ದಂತೆ ಹೇಳುತ್ತಾರೆ. ‘ಹತ್ತು ವರ್ಷಗಳಿಂದ ಮಧುಮೇಹ’ ಎಂದು ದಾಖಲೆಯಲ್ಲಿ ಬರೆಯಲಾಗುತ್ತದೆ. ಕಂಪನಿಯು ಆ ದಾಖಲೆಯನ್ನು ಪ್ರಸ್ತಾವನಾ ಪತ್ರದೊಡನೆ ಹೋಲಿಸುತ್ತದೆ. ಕ್ಲೇಮು ತಿರಸ್ಕೃತವಾಗುತ್ತದೆ, ಪಾಲಿಸಿಯೇ ರದ್ದಾಗಲೂಬಹುದು. 65ನೆಯ ವಯಸ್ಸಿನಲ್ಲಿ, ಕೆಟ್ಟ ಮೂತ್ರಪಿಂಡದೊಡನೆ, ಹೊಸ ಪಾಲಿಸಿ ಕೊಡುವವರು ಯಾರು?

ಕಾಯಿಲೆಯನ್ನು ಬರೆದಿದ್ದರೆ ಏನಾಗುತ್ತಿತ್ತು? ಪ್ರೀಮಿಯಂ ಸ್ವಲ್ಪ ಏರುತ್ತಿತ್ತು. ಆ ಕಾಯಿಲೆಯಿಂದ ಬರುವ ತೊಂದರೆಗಳಿಗೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾಗುತ್ತಿತ್ತು. ಎರಡನೆಯ ವರ್ಷದ ಆ ಕ್ಲೇಮು ಆಗಲೂ ದೊರೆಯುತ್ತಿರಲಿಲ್ಲ. ಆದರೆ ಪಾಲಿಸಿ ಉಳಿಯುತ್ತಿತ್ತು, ಮುಂದಿನ ವರ್ಷದಿಂದ ಅದೇ ಮೂತ್ರಪಿಂಡದ ಚಿಕಿತ್ಸೆಗೂ ಒದಗುತ್ತಿತ್ತು. ಒಂದು ವೇಳೆ ಕಂಪನಿ ಅರ್ಜಿಯನ್ನೇ ನಿರಾಕರಿಸಿದರೂ, ಇಲ್ಲದ ಆಸರೆಯನ್ನು ಇದೆಯೆಂದು ನಂಬಿ ಕುಳಿತುಕೊಳ್ಳುವುದಕ್ಕಿಂತ ಅದು ಮೇಲು. ರಾಯರು ಬೇರೆ ಕಂಪನಿಯನ್ನು ವಿಚಾರಿಸಬಹುದಿತ್ತು, ಉಳಿತಾಯದ ಒಂದು ಭಾಗವನ್ನು ಚಿಕಿತ್ಸೆಗೆಂದೇ ತೆಗೆದಿಡಬಹುದಿತ್ತು.

ಐದು ವರ್ಷ ಎಡೆಬಿಡದೆ ಪಾಲಿಸಿ ನಡೆದರೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಕಂಪನಿಯು ಕ್ಲೇಮನ್ನು ಪ್ರಶ್ನಿಸುವಂತಿಲ್ಲವೆಂದು 2024ರ ನಿಯಮ ಹೇಳುತ್ತದೆ. ಇದನ್ನು ನೆಪ ಮಾಡಿಕೊಂಡು, “ಐದು ವರ್ಷ ಹೇಗಾದರೂ ದಾಟಿಸೋಣ” ಎಂದು ಸಲಹೆ ಕೊಡುವವರೂ ಇದ್ದಾರೆ. ಬೇಕೆಂದೇ ಮುಚ್ಚಿಟ್ಟದ್ದು ವಂಚನೆಯೆನಿಸಿಕೊಳ್ಳಬಹುದು. ಅಲ್ಲದೆ ಕಾಯಿಲೆಯು ಐದು ವರ್ಷ ಕಾಯುವೆನೆಂದು ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಗ್ರಾಹಕನ ಬಗೆಗೆ ತನಗೆ ತಿಳಿದ ಪ್ರತಿಕೂಲ ಸಂಗತಿಗಳನ್ನು ಕಂಪನಿಗೆ ತಿಳಿಸುವುದು ಪ್ರತಿನಿಧಿಯ ನೀತಿಸಂಹಿತೆಯಲ್ಲೇ ಸೇರಿದೆ. ಆದುದರಿಂದ ಪ್ರತಿಯೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿಹೇಳಿ, ನುಂಗುತ್ತಿರುವ ಗುಳಿಗೆಗಳ ಚೀಟಿಯನ್ನು ನೋಡಿ, ಉತ್ತರ ಬರೆದ ಮೇಲೆಯೇ ಸಹಿ ಪಡೆಯಬೇಕು. ಬರಿದಾದ ಪತ್ರಕ್ಕೆ ಸಹಿ ಪಡೆಯುವುದು ಎಂದಿಗೂ ಸಲ್ಲದು. ಪಾಲಿಸಿ ಕೈಸೇರಿದ ಮೇಲೆ ಓದಿ ನೋಡಿ, ಒಪ್ಪದಿದ್ದರೆ ಹಿಂದಿರುಗಿಸಲು 30 ದಿನಗಳ ಅವಕಾಶವಿದೆ. ಇದನ್ನೂ ತಿಳಿಸಬೇಕು.

ಸಂಪಾದನೆಯ ವಿಚಾರ

2023ರ ಏಪ್ರಿಲ್‌ನಿಂದ ಕಮಿಷನ್ನಿನ ದರವನ್ನು ಆಯಾ ಕಂಪನಿಯ ಆಡಳಿತ ಮಂಡಲಿಯ ನೀತಿಯೇ ನಿರ್ಧರಿಸುತ್ತದೆ. ಉದಾಹರಣೆಗೆ ಶೇಕಡಾ 15 ಎಂದಿಟ್ಟುಕೊಂಡರೆ, 30,000 ರೂಪಾಯಿಗಳ ಪ್ರೀಮಿಯಮ್ಮಿಗೆ 4,500 ರೂಪಾಯಿ ದೊರೆಯುತ್ತದೆ. ಮೊದಲ ವರ್ಷ ಇಂತಹ ಇಪ್ಪತ್ತು ಪಾಲಿಸಿಗಳಾದರೆ ಆದಾಯ 90,000 ಮಾತ್ರ; ಓಡಾಟದ ಖರ್ಚು ಅದರಲ್ಲೇ ಹೋಗಬೇಕು. ಇದರಿಂದಲೇ ಸಂಸಾರ ನಡೆಸುವೆನೆಂದು ಇದ್ದ ಕೆಲಸ ಬಿಡುವುದು ಜಾಣತನವಲ್ಲ. ಆದರೆ ನವೀಕರಣಕ್ಕೂ ಕಮಿಷನ್ ಇರುವುದರಿಂದ, ಗ್ರಾಹಕರು ಉಳಿದಂತೆ ಆದಾಯವೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ.

“ನಿನ್ನ ಕಮಿಷನ್ನಿನಲ್ಲಿ ನನಗೆಷ್ಟು?” ಎಂದು ಕೇಳುವವರು ನಮ್ಮವರಲ್ಲೇ ಸಿಗುತ್ತಾರೆ. 1938ರ ವಿಮಾ ಕಾಯಿದೆಯ 41ನೆಯ ಕಲಮು ಇದನ್ನು ನಿಷೇಧಿಸಿದೆ. 2015ರ ತಿದ್ದುಪಡಿಯು ದಂಡವನ್ನು 10 ಲಕ್ಷ ರೂಪಾಯಿಗಳವರೆಗೆ ಏರಿಸಿತು. ವಿನಯದಿಂದ ಇಲ್ಲವೆನ್ನುವುದನ್ನು ಪ್ರತಿನಿಧಿ ಮೊದಲ ದಿನವೇ ಕಲಿಯಬೇಕು.

ನವೀಕರಣದ ದಿನಾಂಕಗಳ ಪುಸ್ತಕವನ್ನು ಇಡುವುದು ಅತ್ಯಗತ್ಯ. ವಾರ್ಷಿಕ ಕಂತಿಗೆ 30 ದಿನಗಳ ರಿಯಾಯಿತಿ ಅವಧಿ ಇದ್ದರೂ, ಆ ನಡುವಿನ ದಿನಗಳ ಚಿಕಿತ್ಸೆಗೆ ರಕ್ಷಣೆ ಇರುವುದಿಲ್ಲ. ಅದೂ ಮೀರಿದರೆ ಕಾದ ವರ್ಷಗಳೆಲ್ಲ ವ್ಯರ್ಥ. ಒಂದು ದೂರವಾಣಿ ಕರೆಯಿಂದ ಇಷ್ಟೆಲ್ಲ ಉಳಿಯುತ್ತದೆ.

ಆಸ್ಪತ್ರೆಯ ದಿನ

ನಗದಿಲ್ಲದ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೂ, ಬಿಡುಗಡೆಯ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೂ ಕಂಪನಿಯು ತೀರ್ಮಾನಿಸಬೇಕೆಂದು 2024ರ ಮೇ ತಿಂಗಳ ಸುತ್ತೋಲೆ ವಿಧಿಸಿದೆ. ಹಾಗಿದ್ದರೂ ಗಾಬರಿಯಲ್ಲಿರುವ ಮನೆಯವರಿಗೆ ಯಾವ ಕಾಗದ ಎಲ್ಲಿ ಕೊಡಬೇಕೆಂಬುದು ಹೊಳೆಯದು. ಆಗ ನೆರವಾಗುವುದು ಪ್ರತಿನಿಧಿಯ ಕರ್ತವ್ಯವೇ ಹೊರತು ಉಪಕಾರವಲ್ಲ. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾಯಿತೆನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ವಿಮಾ ಓಂಬುಡ್ಸ್‌ಮನ್ ಅವರನ್ನು ಕಾಣಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ, ಬೆಂಗಳೂರುಗಳಲ್ಲಿ ಅವರ ಕಚೇರಿಗಳಿವೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

ವಿಮೆಯೆಂಬುದು ಒಂದು ವಾಗ್ದಾನದ ಕಾಗದ. ಆ ವಾಗ್ದಾನ ನಿಜವಾಗಿ ಈಡೇರುವುದೋ ಇಲ್ಲವೋ ಎಂಬುದು ಎಷ್ಟೋ ಬಾರಿ, ವರ್ಷಗಳ ಹಿಂದೆ ಪ್ರತಿನಿಧಿಯೊಬ್ಬ ಮನೆಯ ಜಗಲಿಯಲ್ಲೋ ಹಜಾರದಲ್ಲೋ ಕುಳಿತು ತುಂಬಿಸಿದ ಎರಡು ಪುಟಗಳಲ್ಲೇ ನಿರ್ಧಾರವಾಗಿರುತ್ತದೆ. ಪರವೂರಿನಲ್ಲಿ ಮುಪ್ಪನ್ನು ಎದುರಿಸುತ್ತಿರುವ ಹಿರಿಯರ ಮುಂದೆ ಆ ಪುಟಗಳನ್ನು ಸತ್ಯದಿಂದ ತುಂಬಿಸುವವನು ತನ್ನ ಸಂಸಾರದೊಡನೆ ಅವರ ಸಂಸಾರವನ್ನೂ ಕಾಯುತ್ತಾನೆ. ಮುಂದಿನ ವರ್ಷದ ರಾಜ್ಯೋತ್ಸವಕ್ಕೆ ಅವನು ಅವರೆದುರು ತಲೆಯೆತ್ತಿ ಬರಬಲ್ಲನು.