ಒಣದ್ರಾಕ್ಷಿ ಶೆಡ್ಡಿನಲ್ಲಿ ಹಿರಿಯರಿಗೊಪ್ಪುವ ಸಲಕರಣೆಗಳು



ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ, ಬಿಜ್ಜರಗಿಯ ಸುತ್ತಮುತ್ತ, ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ಬಿಡುವಿರುವುದಿಲ್ಲ. ತೋಟದ ಮಗ್ಗುಲಲ್ಲೇ ನಡೆಯುವುದರಿಂದ ಇದನ್ನು ನಾವು ಒಕ್ಕಲುತನದ ಕೆಲಸವೆಂದೇ ತಿಳಿಯುತ್ತೇವೆ. ವಿಚಾರಿಸಿ ನೋಡಿದರೆ ಇದೊಂದು ಸಣ್ಣ ಕಾರ್ಖಾನೆಯೇ ಸರಿ. ಹಣ್ಣನ್ನು ಅದ್ದುವುದು, ಹರಡುವುದು, ಒಣಗಿಸುವುದು, ತೊಟ್ಟು ಬಿಡಿಸುವುದು, ವಿಂಗಡಿಸುವುದು, ಪೆಟ್ಟಿಗೆ ತುಂಬುವುದು, ಇಷ್ಟು ಹಂತಗಳನ್ನು ದಾಟಿ ಮಾಲು ಪೇಟೆಗೆ ಹೊರಡುತ್ತದೆ. ಕಾರ್ಖಾನೆ ಎಂದ ಮೇಲೆ ಅಲ್ಲಿ ದುಡಿಯುವವರ ವಯಸ್ಸನ್ನೂ ದೇಹಸ್ಥಿತಿಯನ್ನೂ ಗಮನಿಸಬೇಕಾದುದು ಅವಶ್ಯ.

ಅನುಭವದ ಬೆಲೆ

ಶೆಡ್ಡಿನಲ್ಲಿ ಐವತ್ತು, ಅರವತ್ತು ದಾಟಿದ ಕೈಗಳು ಅನೇಕ. ಇವರ ಅನುಭವ ಹಣಕ್ಕೆ ಸಿಗುವಂಥದ್ದಲ್ಲ. ಒಣದ್ರಾಕ್ಷಿಯಲ್ಲಿ ತೇವಾಂಶ ಶೇ. 15ರ ಆಸುಪಾಸಿನಲ್ಲಿರಬೇಕು. ಹೆಚ್ಚಾದರೆ ಬೂಷ್ಟು ಬರುತ್ತದೆ, ತೀರ ಕಡಿಮೆಯಾದರೆ ತೂಕ ಹೋಗುತ್ತದೆ. ಅನುಭವಸ್ಥರು ಒಂದು ಹಿಡಿ ಕಾಳನ್ನು ಮುಷ್ಟಿಯಲ್ಲಿ ಒತ್ತಿ ಬಿಡುತ್ತಾರೆ. ಕಾಳು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಉದುರಿದರೆ ರ್‍ಯಾಕು ಇಳಿಸಲು ಹೇಳುತ್ತಾರೆ. ಇಂಥವರನ್ನು ಸೊಂಟನೋವಿನ ಕಾರಣಕ್ಕೆ ಮನೆಗೆ ಕಳಿಸಿದರೆ ನಷ್ಟ ಇಬ್ಬರಿಗೂ. ಅವರಿಗೆ ಕೂಲಿ ತಪ್ಪುತ್ತದೆ, ನಮಗೆ ಮಾಲಿನ ಗುಣ ತಪ್ಪುತ್ತದೆ.

ಕಾರು ಕಾರ್ಖಾನೆಯೊಂದರ ಪಾಠ

ಜರ್ಮನಿಯ ಬಿ.ಎಂ.ಡಬ್ಲ್ಯು. ಕಾರು ಕಂಪನಿಯವರು 2007ರಲ್ಲಿ ತಮ್ಮ ಡಿಂಗೊಲ್ಫಿಂಗ್ ಕಾರ್ಖಾನೆಯಲ್ಲಿ ಒಂದು ಪ್ರಯೋಗ ಕೈಕೊಂಡರು. ಒಂದು ವಿಭಾಗದಲ್ಲಿ ಕೆಲಸಗಾರರ ಸರಾಸರಿ ವಯಸ್ಸು 47 ಇರುವಂತೆ ತಂಡ ಕಟ್ಟಿ, ಏನು ಬದಲಿಸಬೇಕೆಂದು ಅವರನ್ನೇ ಕೇಳಿದರು. ಮರದ ನೆಲಹಾಸು, ಕುಳಿತು ಕೆಲಸ ಮಾಡಲು ಕುರ್ಚಿ, ಎತ್ತರ ಹೊಂದಿಸಬಲ್ಲ ಮೇಜು, ಭೂತಗನ್ನಡಿ, ಹೀಗೆ ಸುಮಾರು 70 ಸಣ್ಣ ಬದಲಾವಣೆಗಳಾದವು. ಒಂದು ವರ್ಷದಲ್ಲಿ ಆ ವಿಭಾಗದ ಉತ್ಪಾದಕತೆ ಶೇ. 7ರಷ್ಟು ಏರಿತು. ದೊಡ್ಡ ಯಂತ್ರ ತರಲಿಲ್ಲ. ಕೆಲಸವನ್ನು ಮೈಗೆ ಹೊಂದಿಸಿದರು, ಅಷ್ಟೆ. ಈ ಕ್ರಮ ನಮ್ಮ ಶೆಡ್ಡಿಗೂ ಒಪ್ಪುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಹೊರೆ ಇಳಿಸಿರಿ: ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು 4 ಕಿಲೋ ಹಸಿ ಹಣ್ಣು ಬೇಕು. ಒಂದು ಟನ್ ಒಣದ್ರಾಕ್ಷಿಗೆ 4 ಟನ್ ಹಣ್ಣು, ಅಂದರೆ 20 ಕಿಲೋ ಹಿಡಿಯುವ 200 ಕ್ರೇಟು. ಪ್ರತಿ ಕ್ರೇಟನ್ನು ಮೂರು ಸಲ ಎತ್ತಿಳಿಸಿದರೂ 600 ಸಲ ಬೆನ್ನು ಬಾಗುತ್ತದೆ. ಹಿರಿಯರು ಎತ್ತುವ ಕ್ರೇಟನ್ನು ಅರ್ಧ ಮಾತ್ರ ತುಂಬಿರಿ. ರಬ್ಬರ್ ಗಾಲಿಯ ಕೈಗಾಡಿಯನ್ನಿಡಿರಿ. ಕ್ರೇಟನ್ನು ನೆಲದ ಮೇಲಿಡದೆ ಮೊಣಕಾಲೆತ್ತರದ ಕಟ್ಟೆಯ ಮೇಲಿಟ್ಟರೆ ಅರ್ಧ ಬಾಗುವಿಕೆ ತಪ್ಪುತ್ತದೆ. ಬಾಗಿದಾಗ ಬೆನ್ನಿಗೆ ಆಸರೆ ಕೊಡುವ, ಮೈಗೆ ಕಟ್ಟಿಕೊಳ್ಳುವ ಸಾಧನಗಳು ಈಗ ದೊಡ್ಡ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿವೆ. ಆದರೆ ಹೊರೆ ಇಳಿಸದೆ ಪಟ್ಟಿ ಬಿಗಿಯುವುದು ಜಾಣತನವಲ್ಲ.

2. ಅದ್ದುವ ತೊಟ್ಟಿ: ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದೂವರೆ ಲೀಟರ್ ಈಥೈಲ್ ಓಲಿಯೇಟ್ ಎಣ್ಣೆ ಬೆರೆಸಿದ ದ್ರಾವಣ ತೀವ್ರ ಕ್ಷಾರ. ವಯಸ್ಸಾದವರ ಚರ್ಮ ತೆಳುವಾಗಿರುವುದರಿಂದ ಗಾಯ ಬೇಗ ಮಾಯುವುದಿಲ್ಲ. ಮೊಣಕೈವರೆಗಿನ ರಬ್ಬರ್ ಕೈಚೀಲ, ಕಣ್ಣಿಗೆ ಕನ್ನಡಕ ಕೊಡಿರಿ. ಬುಟ್ಟಿ ಎತ್ತಲು ಹಗ್ಗ ಮತ್ತು ರಾಟೆ ಕಟ್ಟಿರಿ. ನೆಲಕ್ಕೆ ಜಾರದಂತಹ ಒರಟು ಹಾಸು ಹಾಕಿರಿ.

3. ರ್‍ಯಾಕಿನ ಕೆಲಸ: ಹತ್ತು ಹನ್ನೆರಡು ಅಂತಸ್ತಿನ ಮೇಲೆ ಹಿರಿಯರನ್ನು ಹತ್ತಿಸಬೇಡಿರಿ. ಮೊಣಕಾಲಿನಿಂದ ಹೆಗಲಿನವರೆಗಿನ ಅಂತಸ್ತುಗಳನ್ನು ಅವರಿಗೆ ಬಿಟ್ಟು, ಮೇಲಿನವುಗಳನ್ನು ಹರೆಯದವರಿಗೆ ವಹಿಸಿರಿ. ಗಂಧಕದ ಹೊಗೆ ಕೊಡುವಾಗ ದಮ್ಮು ಇದ್ದವರು ಹತ್ತಿರ ಸುಳಿಯಕೂಡದು.

4. ವಿಂಗಡಣೆ: ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಮಂದವಾಗುವುದು ಸಹಜ. ಹಂಗಾಮಿಗೆ ಮೊದಲು ಕಣ್ಣು ತೋರಿಸಿ ಕನ್ನಡಕ ಮಾಡಿಸುವುದೇ ಎಲ್ಲಕ್ಕಿಂತ ಅಗ್ಗದ ಸಲಕರಣೆ. ಕುಳಿತಾಗ ಮೊಣಕೈ ಎತ್ತರಕ್ಕೆ ಬರುವ ಮೇಜು, ಬೆನ್ನಿಗೆ ಆಸರೆಯುಳ್ಳ ಆಸನ, ನೆರಳು ಬೀಳದ ಬೆಳಕು ಇರಲಿ. ತೇವಾಂಶ ಮಾಪಕ ಕೊಳ್ಳುವಾಗ ದೊಡ್ಡ ಅಂಕಿಯದನ್ನು ಆರಿಸಿರಿ.

5. ಯಂತ್ರದ ಬಳಿ: ತೊಟ್ಟು ಬಿಡಿಸುವ ಯಂತ್ರದ ಬೆಲ್ಟಿಗೆ ಜಾಲರಿ ಮುಚ್ಚಿರಿ. ಸೆರಗು, ಧೋತರ ಸಿಕ್ಕಿಕೊಳ್ಳುವ ಅಪಾಯವುಂಟು. ಕಿವಿ ಮಂದವಾದವರಿಗೆ ಗಂಟೆ ಕೇಳಿಸದು; ಯಂತ್ರ ಶುರುವಾಗುವ ಮುನ್ನ ಕೆಂಪು ದೀಪವೂ ಹೊತ್ತಲಿ.

ಯಂತ್ರ ಬಂದರೆ ಹಿರಿಯರು ಬೇಡವೇ?

ಕ್ಯಾಮೆರಾದಿಂದ ಬಣ್ಣ ಗುರುತಿಸಿ, ಗಾಳಿಯ ಹೊಡೆತದಿಂದ ಕೆಟ್ಟ ಕಾಳನ್ನು ಹಾರಿಸುವ ವಿಂಗಡಣೆ ಯಂತ್ರಗಳು ಬಂದಿವೆ. ಅವುಗಳ ವೇಗಕ್ಕೆ ಕೈ ಸರಿಗಟ್ಟದು ನಿಜ. ಆದರೆ ಈ ಯಂತ್ರ ರುಚಿ ನೋಡುವುದಿಲ್ಲ, ಹುಳಿ ವಾಸನೆ ಹಿಡಿಯುವುದಿಲ್ಲ. ಕೊನೆಯ ಪರೀಕ್ಷೆಗೂ, ಹೊಸಬರಿಗೆ ಕಲಿಸುವುದಕ್ಕೂ ಹಳೆಯ ಕೈಯೇ ಬೇಕು. ಆ ಸ್ಥಾನವನ್ನು ಅವರಿಗೆ ಮೊದಲೇ ಗೊತ್ತುಮಾಡಿರಿ. ಕುಳಿತು ಕೆಲಸ ಮಾಡುತ್ತಾರೆಂದು ಕೂಲಿ ಕಡಿಮೆ ಮಾಡುವುದು ನ್ಯಾಯವಲ್ಲ. ಕುಳಿತ ಕೈ ತಪ್ಪು ಕಡಿಮೆ ಮಾಡುತ್ತದೆ.

ಬರುವ ಹಂಗಾಮಿನ ಮುಂಚೆ ಒಂದು ಸಂಜೆ ನಿಮ್ಮ ಶೆಡ್ಡಿನ ಹಿರಿಯರನ್ನು ಕೂಡಿಸಿ, “ಎಲ್ಲಿ ನೋಯುತ್ತದೆ? ಏನು ಬದಲಿಸಬೇಕು?” ಎಂದು ಕೇಳಿರಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು ಅಗ್ಗದ್ದರಿಂದ ಆರಂಭಿಸಿರಿ. ಹೆಚ್ಚಿನ ತಿಳಿವಳಿಕೆಗಾಗಿ ವಿಜಯಪುರ ಸಮೀಪದ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನು ಕಾಣಬಹುದು.