ಶ್ರಮದಲ್ಲಿ ಹೃದಯದ ಪರೀಕ್ಷೆ

“ಹೃದಯದ ಪರೀಕ್ಷೆಯಾಯಿತು, ದೋಷವೇನೂ ಇಲ್ಲವಂತೆ” ಎಂದು ಹಿರಿಯರು ನಿಶ್ಚಿಂತರಾಗುವುದನ್ನು ನಾವು ಎಷ್ಟೋ ಸಲ ಕಾಣುತ್ತೇವೆ. ಆ ಪರೀಕ್ಷೆ ವಿಶ್ರಾಂತಿಯಲ್ಲಿ ನಡೆಯಿತೋ ಶ್ರಮದಲ್ಲಿ ನಡೆಯಿತೋ ಎಂದು ಕೇಳುವವರು ವಿರಳ. ಈ ಭೇದವು ಪ್ರಾಣರಕ್ಷಣೆಗೆ ಸಂಬಂಧಿಸಿದುದಾದ ಕಾರಣ ಇಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೃದಯವು ತನ್ನ ಪೋಷಣೆಗೆ ಕಿರೀಟಧಮನಿಗಳನ್ನು ಅವಲಂಬಿಸಿದೆ. ಈ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾದಂತೆ ರಕ್ತದ ದಾರಿ ಕಿರಿದಾಗುತ್ತದೆ. ಆದರೂ ವಿಶ್ರಾಂತಿಯಲ್ಲಿ ಬೇಕಾಗುವ ರಕ್ತ ಅಲ್ಪವಾದುದರಿಂದ, ದಾರಿಯು ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದರೂ ಕೊರತೆ ತೋರದಿರಬಹುದು. ಎತ್ತಿನ ದೌರ್ಬಲ್ಯ ತಿಳಿಯುವುದು ಸಮತಟ್ಟಾದ ಹಾದಿಯಲ್ಲಲ್ಲ, ಏರಿನಲ್ಲಿ ಹೊರೆ ಎಳೆಯುವಾಗ. ಶ್ರಮಕಾಲದಲ್ಲಿ ಆರೋಗ್ಯವಂತನ ಕಿರೀಟಧಮನಿಗಳಲ್ಲಿ ರಕ್ತಪ್ರವಾಹವು ಮೂರು ನಾಲ್ಕು ಪಟ್ಟು ಹೆಚ್ಚಬಲ್ಲದು. ಕಿರಿದಾದ ಧಮನಿಗೆ ಅದು ಅಸಾಧ್ಯ.

ರಕ್ತ ಸಾಲದ ಮಾಂಸಭಾಗವು ಸರಿಯಾಗಿ ಸಂಕೋಚಿಸದು. ಈ ವೈಕಲ್ಯವು ಸಾಮಾನ್ಯವಾಗಿ ಇ.ಸಿ.ಜಿ.ಯಲ್ಲಿ ವ್ಯತ್ಯಾಸ ಮೂಡುವುದಕ್ಕೂ ಎದೆನೋವು ಬರುವುದಕ್ಕೂ ಮೊದಲೇ ಉಂಟಾಗುತ್ತದೆ. ಅದನ್ನು ಕಣ್ಣಿಗೆ ಕಾಣಿಸುವ ಸಾಧನವೇ ಶ್ರವಣಾತೀತ ಧ್ವನಿ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಎಂಬ ವೈದ್ಯರೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಲೋಹದ ಒಳಬಿರುಕುಗಳನ್ನು ಹುಡುಕುವ ಯಂತ್ರವೊಂದರಿಂದಲೇ ಹೃದಯದ ಚಲನೆಯ ಪ್ರತಿಧ್ವನಿಯನ್ನು ದಾಖಲಿಸಿದರು. ಇಂದಿನ ‘ಎಕೋ’ ಪರೀಕ್ಷೆಯ ಮೂಲ ಅದೇ.

ಶ್ರಮದ ಎಕೋ ಪರೀಕ್ಷೆಯಲ್ಲಿ ಮೊದಲು ವಿಶ್ರಾಂತಿಯ ಚಿತ್ರಗಳನ್ನು ತೆಗೆಯುತ್ತಾರೆ. ಬಳಿಕ ರೋಗಿಯು ಟ್ರೆಡ್‌ಮಿಲ್ ಮೇಲೆ ನಡೆಯಬೇಕು. ವೇಗವೂ ಏರೂ ಕ್ರಮವಾಗಿ ಹೆಚ್ಚುತ್ತವೆ. 220ರಿಂದ ವಯಸ್ಸನ್ನು ಕಳೆದು ಬಂದ ಸಂಖ್ಯೆಯ ನೂರಕ್ಕೆ 85 ಭಾಗದಷ್ಟು ಮಿಡಿತವನ್ನು ಮುಟ್ಟುವುದು ವಾಡಿಕೆಯ ಗುರಿ. 60 ವರ್ಷದವರಿಗೆ ಅದು ನಿಮಿಷಕ್ಕೆ 136. ಕೂಡಲೇ ಮಲಗಿಸಿ, ಒಂದು ಒಂದೂವರೆ ನಿಮಿಷದೊಳಗೆ ಮತ್ತೆ ಚಿತ್ರ ತೆಗೆಯುತ್ತಾರೆ. ತಡವಾದರೆ ದೋಷವು ಮರೆಯಾಗಬಹುದು. ನಡೆಯಲಾಗದವರಿಗೆ ಡೊಬ್ಯುಟಮಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟು ಹೃದಯದ ಕೆಲಸವನ್ನು ಹೆಚ್ಚಿಸುತ್ತಾರೆ.

ಅನಂತರ ಎರಡು ಸ್ಥಿತಿಗಳ ಚಿತ್ರಗಳನ್ನು ಹೋಲಿಸಿ ನೋಡುವುದೇ ಪರೀಕ್ಷೆಯ ಸಾರ. ಶ್ರಮದಲ್ಲಿ ಎಲ್ಲ ಭಾಗಗಳೂ ಬಲವಾಗಿ ಸಂಕೋಚಿಸಿದರೆ ಅದು ಸ್ವಸ್ಥಲಕ್ಷಣ. ವಿಶ್ರಾಂತಿಯಲ್ಲಿ ಚೆನ್ನಾಗಿದ್ದ ಭಾಗವು ಶ್ರಮದಲ್ಲಿ ಸೋತರೆ ಅದರ ಧಮನಿ ಕಿರಿದಾಗಿರುವ ಸಂದೇಹ ಬಲವಾಗುತ್ತದೆ. ಎರಡರಲ್ಲಿಯೂ ಚಲಿಸದ ಭಾಗವು ಹಿಂದಿನ ಹೃದಯಾಘಾತದ ಗಾಯವಾಗಿರಬಹುದು.

ಈ ಪರೀಕ್ಷೆಯಲ್ಲಿ ಎಕ್ಸ್‌ರೇ ಕಿರಣಗಳ ಸಂಪರ್ಕವಿಲ್ಲವೆಂಬುದು ದೊಡ್ಡ ಅನುಕೂಲ. ಆದರೆ ಸ್ಥೂಲಕಾಯರಲ್ಲಿ, ಶ್ವಾಸಕೋಶದ ವ್ಯಾಧಿಯುಳ್ಳವರಲ್ಲಿ ಚಿತ್ರ ಮಸುಕಾಗುವುದುಂಟು. ಫಲವು ನೋಡುವವರ ನೈಪುಣ್ಯವನ್ನೂ ಅವಲಂಬಿಸಿದೆ. ಇದು ಧಮನಿಯನ್ನೇ ನೇರವಾಗಿ ತೋರಿಸದು. ಅಗತ್ಯವೆನಿಸಿದರೆ ವೈದ್ಯರು ಆಂಜಿಯೋಗ್ರಾಂ ಮಾಡಿಸುತ್ತಾರೆ. ಮಿಡಿತವನ್ನು ತಗ್ಗಿಸುವ ಗುಳಿಗೆ ಸೇವಿಸುವವರು ಪರೀಕ್ಷೆಗೆ ಮುನ್ನ ಅದನ್ನು ವೈದ್ಯರಿಗೆ ತಿಳಿಸತಕ್ಕುದು, ತಾವಾಗಿಯೇ ನಿಲ್ಲಿಸಲಾಗದು.

ಕೊನೆಯದಾಗಿ ಎರಡು ಮಾತು. ಮೆಟ್ಟಿಲೇರುವಾಗ ಎದೆ ಬಿಗಿದು, ನಿಂತೊಡನೆ ಶಮನವಾಗುತ್ತಿದ್ದರೆ ಅದನ್ನು ವಾಯುವೆಂದು ತಳ್ಳಿಹಾಕದೆ ವೈದ್ಯರಿಗೆ ಅರುಹಬೇಕು, ವಿಶ್ರಾಂತಿಯ ಇ.ಸಿ.ಜಿ. ಚೆನ್ನಾಗಿದೆಯೆಂಬುದೊಂದೇ ಅಭಯವಲ್ಲ. ಸುಮ್ಮನೆ ಕುಳಿತಾಗಲೇ ನೋವು ಬಂದು ತಗ್ಗದಿದ್ದರೆ ಶ್ರಮದ ಪರೀಕ್ಷೆಗೆ ಅದು ಸಮಯವಲ್ಲ. ಒಂದು ಕ್ಷಣವನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು.